ಹೋಮ್‌ಸ್ಟೇ ನಿಯಮಗಳ ವರದಿಯಲ್ಲಿ ಮಾಧ್ಯಮ ಪಕ್ಷಪಾತ

ಕೋಣೆಯನ್ನೋ ಇಡೀ ಮನೆಯನ್ನೋ ಒಂದೆರಡು ದಿನಕ್ಕೆ ಬಾಡಿಗೆ ಕೊಡುವವರ ಮೇಲೆ ಸರ್ಕಾರ ಹಾಕುವ ನಿಯಮಗಳನ್ನು ಪತ್ರಿಕೆಗಳೂ ಟಿ.ವಿ. ವಾಹಿನಿಗಳೂ ಒಂದು ಕಡೆಗೆ ವಾಲಿ ವರದಿ ಮಾಡುವುದಕ್ಕೆ ಈ ಹೆಸರು. ಯಾವ ಊರಿನ ಸುದ್ದಿ, ಯಾರ ಮಾತು, ಯಾವ ಹೊತ್ತಿನಲ್ಲಿ ಎಂಬ ಆಯ್ಕೆಯಲ್ಲೇ ಈ ವಾಲಿಕೆ ಹೆಚ್ಚಾಗಿ ಕಾಣುತ್ತದೆ.

ಕರ್ನಾಟಕದಲ್ಲಿ ಈ ನಿಯಮಗಳು ಹೊಸವಲ್ಲ. ಮನೆಯವರು ಅಲ್ಲೇ ವಾಸವಿರಬೇಕು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಬೇಕು, ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಆದರೆ ಇವು ಮುಖಪುಟಕ್ಕೆ ಬರುವುದು ಅಪರಾಧ ನಡೆದಾಗ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರ ಮೇಲೆ ಕ್ಯಾಮೆರಾಗಳ ಎದುರೇ ದಾಳಿಯಾಯಿತು. ದಾಳಿಕೋರರು ಹೇಳಿದ ‘ರೇವ್ ಪಾರ್ಟಿ’ ಎಂಬ ಮಾತು ಸುದ್ದಿಯೊಳಗೂ ನುಸುಳಿತು. ದಾಳಿಯನ್ನು ವರದಿ ಮಾಡಿದ ಪತ್ರಕರ್ತ ನವೀನ್ ಸೂರಿಂಜೆ ಅವರೇ ಆ ನವೆಂಬರಿನಲ್ಲಿ ಬಂಧನಕ್ಕೊಳಗಾದರು.

2025ರ ಮಾರ್ಚ್ 6ರ ರಾತ್ರಿ ಕೊಪ್ಪಳ ಜಿಲ್ಲೆಯ ಸಾಣಾಪುರದಲ್ಲಿ ಪ್ರವಾಸಿಗರ ಮೇಲೂ ಹೋಮ್‌ಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೂ ದೌರ್ಜನ್ಯ ನಡೆಯಿತು. ನಡೆದದ್ದು ಕಾಲುವೆಯ ದಂಡೆಯಲ್ಲಿ, ಮನೆಯೊಳಗಲ್ಲ. ಆದರೂ ಚರ್ಚೆ ಬಹುಬೇಗ ಅನಧಿಕೃತ ಹೋಮ್‌ಸ್ಟೇಗಳತ್ತ ತಿರುಗಿತು. ದಂಡೆಯಲ್ಲಿ ದೀಪವಿತ್ತೇ, ಪೊಲೀಸ್ ಗಸ್ತು ಇತ್ತೇ ಎಂಬ ಪ್ರಶ್ನೆ ಹಿಂದೆ ಸರಿಯಿತು. ಅಲ್ಲಿಗೆ ಹತ್ತಿರದ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ತಂಗುತ್ತಿದ್ದ ಕಟ್ಟಡಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಕೆಡವಿದಾಗ ‘ಹಿಪ್ಪಿ ದ್ವೀಪ’ ಎಂಬ ತಲೆಬರಹ ಎದ್ದು ಕಂಡಿತು. ಅಲ್ಲಿ ದುಡಿದು ತಿನ್ನುತ್ತಿದ್ದವರು ಆ ಹೆಸರಿನ ಕೆಳಗೆ ಮರೆಯಾದರು.

ಹೊರದೇಶದ ಕಥೆ ಬೇರೆ ಬಗೆಯದು. ನ್ಯೂಯಾರ್ಕ್ 2023ರ ಸೆಪ್ಟೆಂಬರಿನಿಂದ 30 ದಿನಕ್ಕಿಂತ ಕಡಿಮೆ ಅವಧಿಯ ಬಾಡಿಗೆಗೆ ನೋಂದಣಿ ಕಡ್ಡಾಯ ಮಾಡಿತು. ಅಲ್ಲಿ ಬಾಡಿಗೆ ಕೋಣೆಗಳ ಜಾಲತಾಣ ಏರ್‌ಬಿಎನ್‌ಬಿ ಒಂದು ಕಡೆ, ಹೋಟೆಲ್ ಕಾರ್ಮಿಕರ ಸಂಘ ಇನ್ನೊಂದು ಕಡೆ; ವರದಿಗಾರನಿಗೆ ಎರಡೂ ಕಡೆಯಿಂದ ಅಂಕಿಅಂಶ ಸಿದ್ಧವಾಗಿ ಸಿಗುತ್ತದೆ.

ಬೆಳಗಾವಿ ಜಿಲ್ಲೆಯ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳಲ್ಲಿ ಅಂಥ ಸಂಘಟಿತ ದನಿಯಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಮಹಾರಾಷ್ಟ್ರ, ಗೋವಾ, ಆಂಧ್ರದಿಂದಲೂ ಲಕ್ಷಾಂತರ ಜನ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, ಬಯಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಹೋಳಿಗೆ ಕಡುಬು ಮಾಡಿ ದೇವಿಯ ಬುಟ್ಟಿಯಾದ ಪಡ್ಡಲಗಿ ತುಂಬಿಸುತ್ತಾರೆ. ಕೆಲವರು ಬಾಡಿಗೆ ಕೋಣೆ ಹಿಡಿದರೆ, ಅನೇಕರು ಚಕ್ಕಡಿ, ಟ್ರ್ಯಾಕ್ಟರುಗಳ ಪಕ್ಕದಲ್ಲೇ ಮಲಗುತ್ತಾರೆ. ಇದೂ ಅಲ್ಪಾವಧಿಯ ವಸತಿಯೇ. ಸುದ್ದಿಯಲ್ಲಿ ಮಾತ್ರ ಇದು ‘ಭಕ್ತಸಾಗರ’.

2024ರಲ್ಲಿ ಈ ಗುಡ್ಡಕ್ಕೆ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿ ಬಂತು, ಕೇಂದ್ರದಿಂದ 100 ಕೋಟಿ ರೂಪಾಯಿಯೂ ಮಂಜೂರಾಯಿತು. ಕೋಟಿಯ ಲೆಕ್ಕ ದೊಡ್ಡಕ್ಷರದಲ್ಲಿ ಅಚ್ಚಾಗುತ್ತದೆ. ಜಾತ್ರೆಯ ರಾತ್ರಿ ಒಂದು ಕೋಣೆಗೆ ಎಷ್ಟು ಕೇಳುತ್ತಾರೆ, ಹೆಂಗಸರಿಗೆ ಶೌಚಾಲಯ ಸಾಕಷ್ಟಿದೆಯೇ, ಕಟ್ಟಡಗಳು ಹೆಚ್ಚಿದಂತೆ ಒಲೆ ಹೂಡುವವರ ಬಯಲು ಎಷ್ಟು ಉಳಿಯುತ್ತದೆ ಎಂಬುದೂ ಅಷ್ಟೇ ತೂಕದ ಸುದ್ದಿ. ಜಾತ್ರೆ ಮುಗಿದ ಮೇಲೂ ಬೆನ್ನು ಹತ್ತಬೇಕಾದ ಸುದ್ದಿ ಅದು.

ಅಕ್ಟೋಬರಿನ ಕಿತ್ತೂರು ಉತ್ಸವ, ಜನವರಿಯ ಸಂಗೊಳ್ಳಿ ಉತ್ಸವಗಳಲ್ಲೂ ವೇದಿಕೆ, ಭಾಷಣ, ಕಲಾವಿದರ ಪಟ್ಟಿಗೇ ಹೆಚ್ಚು ಜಾಗ. ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರನ ಜಾತ್ರೆಗೆ ರಥೋತ್ಸವದ ಒಂದು ಚಿತ್ರ ಸಾಕಾಗುತ್ತದೆ. ಬಂದವರು ರಾತ್ರಿ ಎಲ್ಲಿ ತಂಗಿದರು ಎಂಬುದಕ್ಕೆ ಅದರ ಕೆಳಗೆ ಒಂದು ಸಾಲೂ ಸಿಗುವುದು ಅಪರೂಪ.