ಬಿಸಿಯನ್ನು ಎಲ್ಲಿ ಇಡೋಣ? - ಓಟದ ಕಾರುಗಳ ಬ್ರೇಕಿನ ಕಥೆ

ಕಾರಿನ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಎಷ್ಟು ಸ್ಪೀಡ್ ಹೋಗುತ್ತೆ ಅಂತ. ಎಷ್ಟು ಬೇಗ ನಿಲ್ಲುತ್ತೆ ಅಂತ ಕೇಳಿದವರನ್ನು ನಾನು ಒಂದು ಕೈಯ ಬೆರಳಲ್ಲೇ ಎಣಿಸಬಲ್ಲೆ. ಈಗಂತೂ ಸಾವಿರ ಕುದುರೆಶಕ್ತಿಯ ಎಲೆಕ್ಟ್ರಿಕ್ ಕಾರನ್ನು ದುಡ್ಡಿದ್ದರೆ ಯಾರು ಬೇಕಾದರೂ ಕೊಳ್ಳಬಹುದು. ಅದು ಎರಡು ಸೆಕೆಂಡು ಚಿಲ್ಲರೆಯಲ್ಲಿ ನೂರು ಮುಟ್ಟುವ ವಿಡಿಯೋಗಳನ್ನು ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದೇವೆ. ಅದೇ ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ದರೆ ಕೆಲವೇ ಸುತ್ತುಗಳಲ್ಲಿ ಬ್ರೇಕ್ ಪೆಡಲ್ಲು ಮೆತ್ತಗಾಗಿ ಒಳಗೆ ಹೋಗಲು ಶುರುವಾಗಬಹುದು ಎನ್ನುವುದು ಮಾತ್ರ ಆ ವಿಡಿಯೋಗಳಲ್ಲಿ ಇರುವುದಿಲ್ಲ.

ಇದು ಹೊಸ ಸಮಸ್ಯೆಯೇ? ನನ್ನ ಪ್ರಕಾರ ಅಲ್ಲ. ಓಟದ ಕಾರಿನಷ್ಟೇ ಹಳೆಯದು. ಬ್ರೇಕಿನ ಚರಿತ್ರೆ ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದಿಷ್ಟು: ಇದು ನಿಲ್ಲಿಸುವುದರ ಚರಿತ್ರೆಯೇ ಅಲ್ಲ, ಬಿಸಿಯನ್ನು ಎಲ್ಲಿ ಇಡುವುದು ಎಂಬುದರ ಚರಿತ್ರೆ.

ಹೈಸ್ಕೂಲಿನ ವಿಜ್ಞಾನ ಸ್ವಲ್ಪ ನೆನಪಿಸಿಕೊಳ್ಳೋಣ. ಓಡುವ ವಸ್ತುವಿಗೆ ಚಲನಶಕ್ತಿ ಇರುತ್ತದೆ. ತೂಕ ಎರಡು ಪಟ್ಟಾದರೆ ಆ ಶಕ್ತಿಯೂ ಎರಡು ಪಟ್ಟು, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಶಕ್ತಿ ನಾಶವಾಗುವುದಿಲ್ಲ. ಬ್ರೇಕು ಹಾಕಿದಾಗ ಅದು ಬಿಸಿಯಾಗಿ ಹೊರಬರುತ್ತದೆ, ಅಷ್ಟೇ. ಘಾಟಿ ಇಳಿಯುವ ಲಾರಿಯ ಹಿಂದೆ ಹೋದವರಿಗೆ ಬ್ರೇಕ್ ಲೈನರ್ ಸುಟ್ಟ ವಾಸನೆ ಗೊತ್ತಿರುತ್ತದೆ. ಅದು ಈ ಬಿಸಿಯ ವಾಸನೆ.

ಈಗ ಇತಿಹಾಸಕ್ಕೆ ಬರೋಣ. ಗಂಟೆಗೆ ನೂರು ಕಿಲೋಮೀಟರ್ ದಾಟಿದ ಮೊಟ್ಟಮೊದಲ ಕಾರು ಎಲೆಕ್ಟ್ರಿಕ್ ಕಾರು! 1899ರಲ್ಲಿ ಪ್ಯಾರಿಸ್ ಹತ್ತಿರದ ಅಶೇರ್ ಎಂಬಲ್ಲಿ ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಜಿ 'ಲಾ ಜಮೆ ಕೊಂತಾಂತ್' ಎಂಬ ಬಾಂಬಿನ ಆಕಾರದ ಕಾರನ್ನು 105.88 ಕಿ.ಮೀ. ವೇಗದಲ್ಲಿ ಓಡಿಸಿದ. ಹೆಸರಿನ ಅರ್ಥ 'ಎಂದೂ ತೃಪ್ತಿಯಾಗದವಳು' ಅಂತ. ಆದರೆ ಅವನದು ನೇರ ರಸ್ತೆಯ ಓಟ. ತಿರುವು ಬಂದರೆ ತಾನೆ ಬ್ರೇಕಿನ ಪರೀಕ್ಷೆ?

1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಕಲ್ಪನೆ ಸರಿಯಾಗಿಯೇ ಇತ್ತು, ಆದರೆ ಲೋಹಕ್ಕೆ ಲೋಹ ಉಜ್ಜಿದಾಗ ಕಿವಿ ಕಿತ್ತುಹೋಗುವ ಕಿರಿಚಾಟ. ಹಾಗಾಗಿ ಮುಂದಿನ ಐವತ್ತು ವರ್ಷ ಡ್ರಮ್ ಬ್ರೇಕಿನದೇ ರಾಜ್ಯಭಾರ. ಅದರೊಳಗೂ ಒಂದು ದೊಡ್ಡ ಹೆಜ್ಜೆ ಬಿತ್ತು. 1921ರ ಫ್ರೆಂಚ್ ಗ್ರಾನ್ ಪ್ರಿಯಲ್ಲಿ ಅಮೆರಿಕಾದ ಜಿಮ್ಮಿ ಮರ್ಫಿ ಗೆದ್ದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಇತ್ತು. ತಂತಿ, ಸರಳುಗಳ ಬದಲು ಕೊಳವೆಯೊಳಗಿನ ದ್ರವ ಕಾಲಿನ ಒತ್ತಡವನ್ನು ನಾಲ್ಕೂ ಕಡೆಗೆ ಸಮನಾಗಿ ಒಯ್ಯುತ್ತಿತ್ತು.

ಡ್ರಮ್ಮಿನ ಮುಖ್ಯ ದೋಷ ಏನೆಂದರೆ ಅದು ಮುಚ್ಚಿದ ಡಬ್ಬಿ. ಬಿಸಿ ಒಳಗೇ ಕೂತುಬಿಡುತ್ತದೆ. ಕಾದ ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಎಷ್ಟು ಒತ್ತಿದರೂ ಕಾರು ಕೇಳುವುದಿಲ್ಲ. ಇದಕ್ಕೇ ಬ್ರೇಕ್ ಫೇಡ್ ಅನ್ನುವುದು. ಡಿಸ್ಕಿನಲ್ಲಿ ಹಾಗಲ್ಲ. ತಟ್ಟೆ ಗಾಳಿಯಲ್ಲಿ ತೆರೆದುಕೊಂಡು ತಿರುಗುತ್ತಿರುತ್ತದೆ, ಎರಡೂ ಕಡೆಯಿಂದ ಪ್ಯಾಡುಗಳು ಹಿಡಿಯುತ್ತವೆ, ಬಿಸಿ ಗಾಳಿಗೆ ಹೋಗುತ್ತದೆ.

ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಜಾಗ್ವಾರ್ ಮತ್ತು ಡನ್‌ಲಪ್. 1952ರಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಸ್ಟರ್ಲಿಂಗ್ ಮಾಸ್ ಡಿಸ್ಕ್ ಬ್ರೇಕಿನ ಸಿ-ಟೈಪ್ ಕಾರಿನಲ್ಲಿ ಗೆದ್ದರು. ಮರುವರ್ಷ, 1953ರಲ್ಲಿ, ಲ ಮಾನ್‌ನ 24 ಗಂಟೆಗಳ ಓಟದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಜೋಡಿ ಅಂಥದ್ದೇ ಕಾರಿನಲ್ಲಿ ಮೊದಲ ಸ್ಥಾನ ಪಡೆಯಿತು. ಸರಾಸರಿ ವೇಗ ಗಂಟೆಗೆ ಸುಮಾರು 170 ಕಿ.ಮೀ. ಅಲ್ಲಿ ಸರಾಸರಿ ನೂರು ಮೈಲಿ ದಾಟಿದ್ದು ಅದೇ ಮೊದಲು. ಡ್ರಮ್ ಬ್ರೇಕಿನವರು ಪೆಡಲ್ ಮೇಲೆ ಕಾಲಿಟ್ಟ ಮೇಲೂ ಇವರು ಇನ್ನಷ್ಟು ದೂರ ಹಾಗೇ ನುಗ್ಗಿ, ಆಮೇಲೆ ಬ್ರೇಕು ಹಾಕಬಹುದಿತ್ತು. ನಿಲ್ಲಲು ಗೊತ್ತಿದ್ದವನೇ ವೇಗವಾಗಿ ಹೋಗಬಲ್ಲ ಅಂತ ಓಟದ ಲೋಕ ಅಂದು ಕಲಿಯಿತು.

ಎರಡೇ ವರ್ಷಕ್ಕೆ ಅದೇ ಲ ಮಾನ್‌ನಲ್ಲಿ, 1955ರ ಜೂನ್ 11ರಂದು, ಘೋರವೊಂದು ನಡೆದುಹೋಯಿತು. ಡಿಸ್ಕ್ ಬ್ರೇಕಿನ ಜಾಗ್ವಾರ್ ಓಡಿಸುತ್ತಿದ್ದ ಮೈಕ್ ಹಾಥಾರ್ನ್ ಪಿಟ್ ಕಡೆಗೆ ಹೋಗಲು ವೇಗ ಇಳಿಸಿದರು. ಹಿಂದಿದ್ದ ಲಾನ್ಸ್ ಮ್ಯಾಕ್ಲಿನ್ ಅವರ ಆಸ್ಟಿನ್-ಹೀಲಿ ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಭಾರೀ ವೇಗದಲ್ಲಿ ಬರುತ್ತಿದ್ದ ಪಿಯರ್ ಲೆವೆಗ್ ಅವರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಅದಕ್ಕೆ ಬಡಿದು ಮೇಲಕ್ಕೆ ಹಾರಿ ಜನರತ್ತ ಒಡೆದು ಚೂರಾಯಿತು. ಲೆವೆಗ್ ಸತ್ತರು, ಜೊತೆಗೆ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು.

ಮರ್ಸಿಡಿಸ್‌ನಲ್ಲಿ ಇದ್ದದ್ದು ಡ್ರಮ್ ಬ್ರೇಕು. ಅದು ಸಾಲದೆಂದು ಅವರಿಗೂ ಗೊತ್ತಿತ್ತು. ಅದಕ್ಕೇ ಡ್ರೈವರ್ ಹಿಂದೆ ಮೇಲೇಳುವ ದೊಡ್ಡ ಹಲಗೆಯೊಂದನ್ನು ಅಳವಡಿಸಿದ್ದರು, ಗಾಳಿಗೆ ಅಡ್ಡ ನಿಂತು ಕಾರನ್ನು ತಡೆಯಲಿ ಅಂತ. ಈ ದುರಂತಕ್ಕೆ ಬ್ರೇಕೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಪಿಟ್ ಎದುರಿನ ರಸ್ತೆ ಇಕ್ಕಟ್ಟಾಗಿತ್ತು, ಜನರಿಗೆ ಸರಿಯಾದ ರಕ್ಷಣೆ ಇರಲಿಲ್ಲ, ತನಿಖೆಯೂ ಯಾವ ಚಾಲಕನ ಮೇಲೂ ತಪ್ಪು ಹೊರಿಸಲಿಲ್ಲ. ಆದರೂ ಬೇರೆ ಬೇರೆ ದೂರದಲ್ಲಿ ನಿಲ್ಲುವ ಕಾರುಗಳು ಒಂದೇ ಕಿರಿದಾದ ರಸ್ತೆಯಲ್ಲಿ ಓಡುತ್ತಿದ್ದವು ಎನ್ನುವುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಅಲ್ಲಿಂದ ಮುಂದಿನದು ವಸ್ತುಗಳ ಕಥೆ. ಡಿಸ್ಕಿನ ಮಧ್ಯೆ ಗಾಳಿ ಹೋಗಲು ಸಂದು ಬಂತು, ಮೈಮೇಲೆ ತೂತು ಬಂತು. 1976ರಲ್ಲಿ ಗಾರ್ಡನ್ ಮರ್ರಿ ತಮ್ಮ ಬ್ರಾಭಮ್ ಫಾರ್ಮುಲಾ ಒನ್ ಕಾರಿಗೆ ವಿಮಾನದ ಕಾರ್ಬನ್ ಬ್ರೇಕ್ ತಂದು ಹಾಕಿದರು. ಕಾಂಕಾರ್ಡ್ ವಿಮಾನದಲ್ಲಿ ಬಳಸಿದ ತಂತ್ರ ಅದು. ಕಾರ್ಬನ್ ಡಿಸ್ಕು ಸಾವಿರ ಡಿಗ್ರಿವರೆಗೆ ಕೆಂಡದಂತೆ ಹೊಳೆದರೂ ಕೆಲಸ ಮಾಡುತ್ತದೆ. ತಣ್ಣಗಿದ್ದಾಗ ಮಾತ್ರ ಹಿಡಿತ ಕಡಿಮೆ, ಹಾಗಾಗಿ ಮನೆಯಿಂದ ಆಫೀಸಿಗೆ ಹೋಗುವ ಕಾರಿಗೆ ಆಗುವುದಿಲ್ಲ :). ಅದರ ತಮ್ಮನಂತೆ ಬಂದದ್ದು ಕಾರ್ಬನ್ ಸೆರಾಮಿಕ್. 2001ರಲ್ಲಿ ಪೋರ್ಷೆ ಅದನ್ನು 911 ಜಿಟಿ2 ಕಾರಿನಲ್ಲಿ ಕೊಟ್ಟಿತು. ಬೀಡು ಕಬ್ಬಿಣದ ಡಿಸ್ಕಿಗಿಂತ ಅರ್ಧದಷ್ಟು ಹಗುರ, ಬೆಲೆ ಮಾತ್ರ ಹಲವು ಪಟ್ಟು.

ಇಷ್ಟು ಹೊತ್ತು ಹೇಳಿದ್ದರಲ್ಲೆಲ್ಲ ಬಿಸಿಯನ್ನು ಗಾಳಿಗೆ ಎಸೆಯುವುದೊಂದೇ ದಾರಿ. ಎಲೆಕ್ಟ್ರಿಕ್ ಮೋಟಾರು ಇನ್ನೊಂದು ದಾರಿ ತೋರಿಸಿತು. ಮೋಟಾರನ್ನೇ ಜನರೇಟರಿನಂತೆ ತಿರುಗಿಸಿದರೆ ಕಾರು ನಿಧಾನವಾಗುತ್ತದೆ, ಕರೆಂಟು ಬ್ಯಾಟರಿಗೆ ವಾಪಸ್ ಹೋಗುತ್ತದೆ. ನಮ್ಮ ಬೆಂಗಳೂರಿನಲ್ಲೇ 2001ರಲ್ಲಿ ಮಾರಾಟಕ್ಕೆ ಬಂದ ಪುಟ್ಟ ರೇವಾ ಕಾರಿನಲ್ಲೂ ಈ ರೀಜನರೇಟಿವ್ ಬ್ರೇಕಿಂಗ್ ಇತ್ತು. ಫಾರ್ಮುಲಾ ಒನ್‌ಗೆ ಇದು 2009ರಲ್ಲಿ ಕಾಲಿಟ್ಟಿತು. 2014ರಲ್ಲಿ ಮೋಟಾರಿನ ಪಾಲು 120 ಕಿಲೋವ್ಯಾಟಿಗೆ ಏರಿದಾಗ, ಹಿಂದಿನ ಚಕ್ರಗಳಲ್ಲಿ ಮೋಟಾರು ಎಷ್ಟು ತಡೆಯಬೇಕು, ಡಿಸ್ಕು ಎಷ್ಟು ತಡೆಯಬೇಕು ಎಂದು ಲೆಕ್ಕ ಹಾಕುವ ಕೆಲಸ ಕಂಪ್ಯೂಟರಿಗೆ ಹೋಯಿತು.

ಇದರ ತುತ್ತತುದಿ ಫಾರ್ಮುಲಾ ಇ. 2023ರಲ್ಲಿ ಓಟಕ್ಕಿಳಿದ ಅದರ ಮೂರನೇ ತಲೆಮಾರಿನ ಕಾರಿನ ಹಿಂದಿನ ಚಕ್ರಗಳಿಗೆ ಮಾಮೂಲಿ ಹೈಡ್ರಾಲಿಕ್ ಬ್ರೇಕೇ ಇರಲಿಲ್ಲ! ಮುಂದೆ 250, ಹಿಂದೆ 350, ಒಟ್ಟು 600 ಕಿಲೋವ್ಯಾಟ್ ಶಕ್ತಿಯನ್ನು ಮೋಟಾರುಗಳೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದವು. ಆ ವರ್ಷ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ಓಡಿದ್ದು ಇದೇ ಕಾರುಗಳು. ಮೋಟಾರು ಕೈಕೊಟ್ಟರೆ ಏನು ಗತಿ ಎಂಬ ಪ್ರಶ್ನೆ ಎದ್ದು, ಆಮೇಲೆ ಹಿಂದಿನ ಚಕ್ರಗಳಿಗೂ ತುರ್ತು ಬ್ರೇಕ್ ಸೇರಿಸಬೇಕಾಯಿತು.

ಹಾಗಾದರೆ ಎಲೆಕ್ಟ್ರಿಕ್ ಕಾರಿಗೆ ಬ್ರೇಕಿನ ಚಿಂತೆಯೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಇಲ್ಲೇ ಇರುವುದು ಗುಟ್ಟು. ಫಾರ್ಮುಲಾ ಇ ಕಾರು ಡ್ರೈವರ್ ಸೇರಿ ಸುಮಾರು 850 ಕೆ.ಜಿ. ಟೆಸ್ಲಾ ಮಾಡೆಲ್ ಎಸ್ ಪ್ಲ್ಯಾಡ್ ಖಾಲಿ ಇದ್ದಾಗಲೇ ಸುಮಾರು 2,160 ಕೆ.ಜಿ., ಶಕ್ತಿ 1,020 ಕುದುರೆ.

ಒಂದು ಸಣ್ಣ ಲೆಕ್ಕ ಹಾಕೋಣ. ಡ್ರೈವರ್ ಸೇರಿ 2,200 ಕೆ.ಜಿ. ತೂಗುವ ಕಾರು 250 ಕಿ.ಮೀ. ವೇಗದಲ್ಲಿ ಬಂದು ತಿರುವಿಗಾಗಿ 90ಕ್ಕೆ ಇಳಿಯಬೇಕು. ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 46 ಲಕ್ಷ ಜೂಲ್. ಅಂದರೆ ಒಂದು ಬಕೆಟ್, ಸುಮಾರು 14 ಲೀಟರ್, ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಅದೂ ಐದು ಸೆಕೆಂಡಿನೊಳಗೆ! ಸರಾಸರಿ 900 ಕಿಲೋವ್ಯಾಟಿಗೂ ಹೆಚ್ಚು. ಗಾಳಿ ಸ್ವಲ್ಪ ಪಾಲು ತೆಗೆದುಕೊಳ್ಳುತ್ತದೆ, ನಿಜ. 2019ರ ಪೋರ್ಷೆ ಟೈಕಾನ್ ಮೋಟಾರಿನಿಂದ ಗರಿಷ್ಠ 265 ಕಿಲೋವ್ಯಾಟ್ ಹಿಂಪಡೆಯುತ್ತಿತ್ತು, 2024ರಲ್ಲಿ ಸುಧಾರಿಸಿದ ಮೇಲೆ 400. ಉಳಿದದ್ದೆಲ್ಲ ಡಿಸ್ಕಿನ ತಲೆಗೇ. ಮುಂದಿನ ತಿರುವಿಗೆ ಇನ್ನೊಂದು ಬಕೆಟ್. ಊರೊಳಗೆ ಓಡಿಸುವಾಗ ಹತ್ತರಲ್ಲಿ ಒಂಬತ್ತು ಸಲ ಮೋಟಾರೇ ಸಾಕು ಅಂತ ಪೋರ್ಷೆ ಹೇಳಿದ್ದು ಸರಿಯೇ. ಟ್ರ್ಯಾಕಿನ ಬದುಕೆಲ್ಲ ಇರುವುದು ಆ ಹತ್ತನೆಯದರಲ್ಲಿ.

ಸಾಲದ್ದಕ್ಕೆ ಬ್ಯಾಟರಿಯದ್ದೂ ಒಂದು ತಕರಾರು. ಪೂರ್ತಿ ಚಾರ್ಜ್ ಆಗಿದ್ದರೆ ಅದಕ್ಕೆ ಹೊಸ ಕರೆಂಟು ಹಾಕಿಕೊಳ್ಳಲು ಜಾಗವಿಲ್ಲ. ತೀರಾ ಬಿಸಿಯಾದರೂ ತೀರಾ ತಣ್ಣಗಿದ್ದರೂ ಬೇಡ ಅನ್ನುತ್ತದೆ. ಮನೆಯಿಂದ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಟ್ರ್ಯಾಕಿಗೆ ಬಂದವನಿಗೆ ಮೊದಲ ಸುತ್ತಿನಲ್ಲಿ ಮೋಟಾರಿನ ಸಹಾಯ ಸಿಗುವುದೇ ಕಷ್ಟ.

ಇದಕ್ಕೆ ಕಂಪನಿಗಳು ಹುಡುಕಿದ ಉತ್ತರಗಳು ಬೇರೆ ಬೇರೆ. 2021ರ ಕೊನೆಯಲ್ಲಿ ಟೆಸ್ಲಾ ಪ್ಲ್ಯಾಡ್‌ಗೆಂದೇ 20,000 ಡಾಲರಿನ ಕಾರ್ಬನ್ ಸೆರಾಮಿಕ್ ಬ್ರೇಕ್ ಕಿಟ್ ಪ್ರಕಟಿಸಿತು. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ, ಸುತ್ತಳತೆ 20.8 ಕಿ.ಮೀ., 2021ರಲ್ಲಿ 7 ನಿಮಿಷ 35.579 ಸೆಕೆಂಡ್ ತೆಗೆದುಕೊಂಡಿದ್ದ ಪ್ಲ್ಯಾಡ್, 2023ರಲ್ಲಿ ಈ ಬ್ರೇಕು ಮತ್ತು ಟ್ರ್ಯಾಕ್ ಟೈರುಗಳಿರುವ ಪ್ಯಾಕೇಜಿನೊಂದಿಗೆ 7 ನಿಮಿಷ 25.231 ಸೆಕೆಂಡಿನಲ್ಲಿ ಮುಗಿಸಿತು. ಮೋಟಾರು ಬದಲಾಗದೆ ಹತ್ತು ಸೆಕೆಂಡು! ಹ್ಯುಂಡೈ ಇನ್ನೊಂದು ದಾರಿ ಹಿಡಿಯಿತು. 2023ರ ಅಯಾನಿಕ್ 5 ಎನ್ ಕಾರಿಗೆ ಮುಂದೆ 400 ಮಿಲಿಮೀಟರಿನ ಕಬ್ಬಿಣದ ಡಿಸ್ಕನ್ನೇ ಉಳಿಸಿಕೊಂಡು, ಮೋಟಾರಿನ ತಡೆಯನ್ನು 0.6 ಜಿ ವರೆಗೆ ಏರಿಸಿತು. ಒಬ್ಬರು ಬಿಸಿ ತಾಳುವ ಡಿಸ್ಕು ಕೊಟ್ಟರು, ಇನ್ನೊಬ್ಬರು ಡಿಸ್ಕಿಗೆ ಬಿಸಿಯೇ ಕಡಿಮೆ ಹೋಗುವಂತೆ ಮಾಡಿದರು.

ಸಾಫ್ಟ್‌ವೇರಿನ ಮಹಿಮೆಯನ್ನೂ ಹೇಳಬೇಕು. 2018ರಲ್ಲಿ ಅಮೆರಿಕಾದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಟೆಸ್ಲಾ ಮಾಡೆಲ್ 3 ಗಂಟೆಗೆ 60 ಮೈಲಿಯಿಂದ ನಿಲ್ಲಲು 152 ಅಡಿ ಬೇಕೆಂದು ದೂರಿತು. ಕೆಲವೇ ದಿನಗಳಲ್ಲಿ ಕಂಪನಿ ಗಾಳಿಯಲ್ಲೇ ಅಪ್‌ಡೇಟ್ ಕಳಿಸಿತು, ದೂರ 133 ಅಡಿಗೆ ಇಳಿಯಿತು. ಒಂದು ಸ್ಪ್ಯಾನರ್ ಕೂಡ ಮುಟ್ಟದೆ! ಅದು ಸಾಧ್ಯವಾದದ್ದು ಆ ಸಮಸ್ಯೆ ಬಿಸಿಯದ್ದಾಗಿರದೆ, ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ ಲೆಕ್ಕದ್ದಾಗಿದ್ದರಿಂದ. ಬಿಸಿಗೆ ಅಪ್‌ಡೇಟ್ ಇಲ್ಲ.

ಕೊನೆಗೆ, ಟ್ರ್ಯಾಕಿಗೆ ಹೋಗುವ ಆಸೆಯುಳ್ಳವರು ಎಲ್ಲಿಂದ ಶುರುಮಾಡಬೇಕು? ಕೆಂಪು ಬಣ್ಣದ ದೊಡ್ಡ ಕ್ಯಾಲಿಪರ್‌ನಿಂದ ಅಲ್ಲ. ಮೊದಲು ದ್ರವ. ನಮ್ಮ ಮೆಕ್ಯಾನಿಕ್ಕುಗಳು ಬ್ರೇಕ್ ಆಯಿಲ್ ಅಂದರೂ ಅದು ಎಣ್ಣೆಯಲ್ಲ, ಗಾಳಿಯ ತೇವ ಹೀರುವ ದ್ರವ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಗುಳ್ಳೆ. ಗುಳ್ಳೆ ಅಮುಕಿಕೊಳ್ಳುತ್ತದೆ, ಪೆಡಲ್ಲು ನೆಲಕ್ಕೆ ಹೋಗುತ್ತದೆ. ಎಲೆಕ್ಟ್ರಿಕ್ ಕಾರಿನವರಿಗೆ ಡಿಸ್ಕು ಬಳಸುವುದೇ ಕಡಿಮೆಯಾದ್ದರಿಂದ ಈ ದ್ರವ ಹಳತಾಗಿದ್ದು ಗೊತ್ತೇ ಆಗುವುದಿಲ್ಲ. ಎರಡನೆಯದು ಬಿಸಿ ತಡೆಯುವ ಪ್ಯಾಡು. ಮೂರನೆಯದು ಗಾಳಿ. ಚಾರ್ಜ್ ಹೆಚ್ಚು ದೂರ ಬರಲೆಂದು ಮುಚ್ಚಿದ ಚಕ್ರ ಹಾಕಿರುತ್ತಾರೆ, ಅದೇ ಡಿಸ್ಕಿನ ಉಸಿರು ಕಟ್ಟಿಸುತ್ತದೆ. ದುಬಾರಿ ಡಿಸ್ಕು ಇವೆಲ್ಲ ಆದ ಮೇಲೆ. ಮತ್ತು ಪ್ರತಿ ಓಟದ ಕೊನೆಗೊಂದು ನಿಧಾನದ ಸುತ್ತು, ಬ್ರೇಕು ಮುಟ್ಟದೆ. ಇದಕ್ಕೆ ದುಡ್ಡೇ ಬೇಡ.

ಲ್ಯಾಂಚೆಸ್ಟರ್ ಕಾಲದಿಂದ ಇವತ್ತಿನವರೆಗೆ ಕಾರನ್ನು ಓಡಿಸುವ ವಿದ್ಯೆ ತಲೆಕೆಳಗಾಗಿದೆ. ಕರೆಂಟು, ಪೆಟ್ರೋಲು, ಮತ್ತೆ ಕರೆಂಟು. ಆದರೆ ಹಳೆಯ ಪ್ರಶ್ನೆ ತಿರುವಿನಲ್ಲಿ ಹಾಗೇ ಕಾದು ಕೂತಿದೆ: ತಂದ ವೇಗವನ್ನು ಎಲ್ಲಿ ಇಳಿಸುತ್ತೀಯಪ್ಪಾ? ಉತ್ತರ ಇಟ್ಟುಕೊಂಡು ಬಂದವನಷ್ಟೇ ಮುಂದಿನ ಸುತ್ತಿಗೆ ಹೋಗುತ್ತಾನೆ.