ಗ್ರೋವರ್ ವಿನ್‌ಯಾರ್ಡ್ಸ್

ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಿನಲ್ಲಿರುವ ದ್ರಾಕ್ಷಿ ತೋಟ ಮತ್ತು ವೈನ್ ತಯಾರಿಕಾ ಘಟಕ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿದೆ. ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ಕನ್ನಡ ನಾಡಿನ ಮಣ್ಣಿಗೆ ಒಗ್ಗಿಸಿದ ಮೊದಲಿಗರಲ್ಲಿ ಈ ಸಂಸ್ಥೆಗೆ ಮುಖ್ಯ ಸ್ಥಾನವಿದೆ. 2012ರಿಂದ ಇದರ ಹೆಸರು ಗ್ರೋವರ್ ಝಂಪಾ.

ಸ್ಥಾಪನೆ

ಸ್ಥಾಪಕರು ಉದ್ಯಮಿ ಕನ್ವಲ್ ಗ್ರೋವರ್. ವ್ಯಾಪಾರದ ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿಬರುತ್ತಿದ್ದ ಅವರಿಗೆ ಅಲ್ಲಿನ ವೈನ್ ಮೇಲೆ ಒಲವು ಮೂಡಿತು. ಶಾಂಪೇನ್ ಪ್ರದೇಶದ ಹೆಸರಾಂತ ಮುಮ್ ಸಂಸ್ಥೆಯ ತಾಂತ್ರಿಕ ನಿರ್ದೇಶಕರಾಗಿದ್ದ ಜಾರ್ಜ್ ವೆಸೆಲ್, ಗ್ರೋವರ್ ಅವರ ನೆರವಿಗೆ ಬಂದರು. 1980ರ ದಶಕದಲ್ಲಿ 35 ಫ್ರೆಂಚ್ ತಳಿಗಳನ್ನು ಬೆಳೆದು ನೋಡಿ, ಒಗ್ಗಿದವನ್ನಷ್ಟೇ ಉಳಿಸಿಕೊಂಡರು. 1988ರಲ್ಲಿ ನಂದಿ ತಪ್ಪಲಿನಲ್ಲಿ ತೋಟ ನೆಲೆಗೊಂಡಿತು. 1992ರಲ್ಲಿ ಮೊದಲ ವೈನ್ ಹೊರಬಂತು. 1990ರ ದಶಕದ ನಡುಭಾಗದಿಂದ ಬೋರ್ಡೋದ ಪ್ರಸಿದ್ಧ ವೈನ್ ತಜ್ಞ ಮಿಶೆಲ್ ರೊಲ್ಲಾಂ ಸಲಹೆಗಾರರಾದರು.

ಬೇಸಾಯ

ಈ ಸೀಮೆಯ ರೈತರಿಗೆ ದ್ರಾಕ್ಷಿ ಹೊಸದಲ್ಲ. ಇಲ್ಲಿನ ಚಪ್ಪರಗಳಲ್ಲಿ ಬೆಳೆಯುವ 'ಬೆಂಗಳೂರು ಬ್ಲೂ' ತಳಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಆದರೆ ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್, ಸೊವಿನ್ಯೋಂ ಬ್ಲಾಂ, ವಿಯೋನಿಯೇ ತಳಿಗಳ ಸ್ವಭಾವವೇ ಬೇರೆ. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ವಿಶ್ರಾಂತಿಗೆ ಜಾರುತ್ತದೆ. ಬೇಸಿಗೆಯಲ್ಲಿ ಕಾಯಿ ಬಲಿತು, ಶರತ್ಕಾಲದ ಹೊತ್ತಿಗೆ ಕೊಯ್ಲಾಗುತ್ತದೆ. ನಂದಿ ತಪ್ಪಲಿನಲ್ಲಿ ಅಂಥ ಚಳಿಯಿಲ್ಲ, ಬಳ್ಳಿ ವರ್ಷವಿಡೀ ಚಿಗುರುತ್ತಲೇ ಇರುತ್ತದೆ.

ಇದಕ್ಕೆ ಉತ್ತರ ವರ್ಷಕ್ಕೆರಡು ಚಾಟನಿ, ಅಂದರೆ ಬಳ್ಳಿ ಸವರುವುದು. ಕೊಯ್ಲು ಮುಗಿದ ಮೇಲೆ, ಏಪ್ರಿಲ್ ಸುಮಾರಿಗೆ ಬಳ್ಳಿಯನ್ನು ಗಿಡ್ಡವಾಗಿ ಸವರುತ್ತಾರೆ. ಆಗ ಬರುವ ಚಿಗುರು ಬಲಿತು ಕಡ್ಡಿಯಾಗುತ್ತದೆ, ಮುಂದಿನ ಗೊನೆ ಕಟ್ಟುವ ಮೊಗ್ಗುಗಳು ಅದರಲ್ಲಿ ರೂಪುಗೊಳ್ಳುತ್ತವೆ. ಮಳೆ ಇಳಿಮುಖವಾಗುವ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಫಲಕ್ಕಾಗಿ ಎರಡನೆಯ ಚಾಟನಿ. ಅದನ್ನು ಮಳೆಗಾಲದಲ್ಲೇ ಮಾಡಿದರೆ ಎಳೆ ಗೊನೆಗೆ ಬೂಜುರೋಗ ತಗಲುತ್ತದೆ. ಹೀಗೆ ಕಾಯಿ ಒಣಹವೆಯಲ್ಲಿ ಬಲಿತು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಯ್ಲಿಗೆ ಬರುತ್ತದೆ. ಸುಮಾರು 900 ಮೀಟರ್ ಎತ್ತರದ ಈ ನೆಲದಲ್ಲಿ ಹಗಲು ಬಿಸಿಲು ಚುರುಕಾಗಿದ್ದರೂ ರಾತ್ರಿ ತಂಪು. ಹಣ್ಣಿನ ಹುಳಿಯಂಶ ಉಳಿಯಲು ಆ ತಂಪು ಬೇಕೇ ಬೇಕು.

ತಯಾರಿಕೆ

ಬಿಳಿ ವೈನ್‌ಗೆ ಹಣ್ಣನ್ನು ಹಿಂಡಿ, ಸಿಪ್ಪೆ ಬೇರ್ಪಡಿಸಿ, ರಸವನ್ನು ತಣ್ಣಗಿನ ಉಕ್ಕಿನ ತೊಟ್ಟಿಗಳಲ್ಲಿ ಹುದುಗಿಸುತ್ತಾರೆ. ಉಷ್ಣತೆ ಏರಿದರೆ ಹಣ್ಣಿನ ಪರಿಮಳ ಹಾರಿಹೋಗುತ್ತದೆ. ಕೆಂಪು ವೈನ್‌ನ ಬಣ್ಣ ಮತ್ತು ಒಗರು ಇರುವುದು ಸಿಪ್ಪೆಯಲ್ಲಿ. ಹಾಗಾಗಿ ರಸ, ಸಿಪ್ಪೆ ಎರಡೂ ಒಟ್ಟಿಗೇ ಹುದುಗುತ್ತವೆ. ಹುದುಗುವಾಗ ಏಳುವ ಅನಿಲ ಸಿಪ್ಪೆಯನ್ನು ಮೇಲಕ್ಕೆ ತಳ್ಳಿ ದಪ್ಪ ಪದರವಾಗಿಸುತ್ತದೆ. ತಳದ ರಸವನ್ನು ಪಂಪ್‌ನಿಂದ ಎತ್ತಿ ಆ ಪದರದ ಮೇಲೆ ಸುರಿದು ತೋಯಿಸುವುದು ವೈನ್ ತಯಾರಕರ ರೂಢಿ. ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿ, ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ಮಾಗಿಸಿದ 'ಲಾ ರಿಸರ್ವ್' ಈ ಸಂಸ್ಥೆಯ ಹೆಸರುವಾಸಿ ವೈನ್.

ವಿಸ್ತರಣೆ ಮತ್ತು ಪ್ರಭಾವ

2012ರಲ್ಲಿ ನಾಸಿಕ್ ಜಿಲ್ಲೆಯ ವ್ಯಾಲೀ ದ ವಿನ್ ಸಂಸ್ಥೆಯೊಡನೆ ವಿಲೀನವಾಗಿ, ಅದರ 'ಝಂಪಾ' ಹೆಸರನ್ನೂ ಸೇರಿಸಿಕೊಂಡಿತು. ಅಷ್ಟರಲ್ಲಿ ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತ್ತು. ಮುಂದೆ ಹಂಪಿಯ ಆಸುಪಾಸಿನಲ್ಲಿ ಕೃಷ್ಮಾದಂಥ ತೋಟಗಳೂ ತಲೆ ಎತ್ತಿದವು. ಫ್ರಾನ್ಸಿನ ವಿದ್ಯೆಯನ್ನು ಯಥಾವತ್ತಾಗಿ ನಕಲು ಮಾಡದೆ, ನಮ್ಮ ಮಳೆ–ಬಿಸಿಲಿನ ಲೆಕ್ಕಕ್ಕೆ ಹೊಂದಿಸಿ ಬಳಸಿದ್ದು ನಂದಿ ತಪ್ಪಲಿನ ಈ ತೋಟದ ನಿಜವಾದ ಸಾಧನೆ.