ಒರೆಗಲ್ಲು ಒಂದೇ ಸಾಲದು

ವಿಜ್ಞಾನ ಲೇಖನವನ್ನು ಪ್ರಕಟಣೆಗೆ ಮುನ್ನ ಒರೆಗೆ ಹಚ್ಚುವ ಪದ್ಧತಿ ಹಳೆಯದು. ಲಂಡನ್ನಿನ ರಾಯಲ್ ಸೊಸೈಟಿ 1752ರಲ್ಲೇ ಲೇಖನಗಳ ಆಯ್ಕೆಗೆ ಸಮಿತಿ ನೇಮಿಸಿತ್ತು. ಆದರೆ ಜೀವವಿಜ್ಞಾನಕ್ಕೆ ಕಂಪ್ಯೂಟರ್ ಕಾಲಿಟ್ಟ ಮೇಲೆ ಒಬ್ಬ ತಜ್ಞನ ಕಣ್ಣು ಸಾಲದಾಯಿತು.

2001ರಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನೊಂದರ ರಚನೆ ಪ್ರಕಟವಾಯಿತು. ಲೆಕ್ಕ ಹಾಕಿದ ಪ್ರೋಗ್ರಾಮು ಅಂಕಿಗಳ ಎರಡು ಕಂಬಸಾಲುಗಳನ್ನು ಅದಲುಬದಲು ಮಾಡಿತ್ತು, ರಚನೆಯೇ ತಿರುವುಮುರುವಾಗಿತ್ತು. ಪರಿಶೀಲಕರಿಗೆ ಅದು ಕಾಣಲಿಲ್ಲ. ಅದಕ್ಕೆ ಹೊಂದದ ಫಲಿತಾಂಶ ಪಡೆದವರು ಪತ್ರಿಕೆಗಳನ್ನು ಒಪ್ಪಿಸಲು ಹೆಣಗಿದರು. 2006ರಲ್ಲಿ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಅದೇ ಬಗೆಯ ಪ್ರೋಟೀನಿನ ಬೇರೆ ರಚನೆ ತೋರಿಸಿದಾಗ ತಪ್ಪು ಬಯಲಾಯಿತು. ಡಿಸೆಂಬರಿನಲ್ಲಿ 'ಸೈನ್ಸ್'ನ ಮೂರು ಲೇಖನಗಳನ್ನು ಹಿಂತೆಗೆದುಕೊಳ್ಳಲಾಯಿತು.

ಜೀವವಿಜ್ಞಾನ, ಕಂಪ್ಯೂಟರ್ ಎರಡೂ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪರಿಶೀಲನೆಯನ್ನು ಒಟ್ಟಿಗೇ ಕಲಿಸಬೇಕೆನ್ನುವುದು ಇದಕ್ಕಾಗಿಯೇ. 'ಜೀವಕೋಶದಲ್ಲಿ ಇದು ಸಾಧ್ಯವೇ?' ಎಂದು ಒಬ್ಬರು ಕೇಳಿದರೆ, 'ಪ್ರೋಗ್ರಾಮು ತೋರಿಸಿ' ಎಂದು ಇನ್ನೊಬ್ಬರು ಕೇಳಬೇಕು.